ಕಡಲ ತಳದ ಗಾಯರಾಣ

ತಂಗೀ, ಉದಗೀರದಲ್ಲಿ ಓದು ಮುಗಿಸಿ ಚೆನ್ನೈಗೆ ಹೊರಟಿದ್ದೀಯ. ಕಡಲ ತಳದಿಂದ ಖನಿಜ ಎತ್ತುವ ಯಂತ್ರದ ಕೆಲಸ ಅಂದೆ. ನಿಲಂಗಾ ಬಿಟ್ಟು ಉಮರ್ಗಾ ದಾಟದ ಮುದುಕನಿಗೆ ಕಡಲಿನ ಮಾತೇಕೆ ಅಂತ ನಗಬೇಡ. ನಾನು ಗಾಯರಾಣದ ಗತಿ ಕಂಡವನು.

ದನ ಮೇಯುವ ಗಾಯರಾಣ ಊರಿಗೆಲ್ಲ ಸೇರಿದ್ದು. ಹಾಗಾಗಿ ಅದರ ಪರ ಜಗಳಕ್ಕೆ ಯಾರೂ ನಿಲ್ಲಲಿಲ್ಲ. ಬೀಳು ಬಿದ್ದಿದೆ ಅಂದರು, ಮುಗಿಯಿತು. ಯಾವ ದೇಶದ ಗಡಿಗೂ ಸೇರದ ಕಡಲ ತಳವೂ ಅಂಥದ್ದೇ. 1982ರ ಕಡಲ ಕಾನೂನಿನ ಒಪ್ಪಂದ ಅದನ್ನು ಮನುಕುಲದ ಸ್ವತ್ತು ಅಂದಿದೆ. ಅದರ ಪಂಚಾಯ್ತಿ ಕೂಡುವುದು ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ. 2002ರ ಕರಾರಿನಂತೆ ಹಿಂದೂ ಮಹಾಸಾಗರದ ನಡುವೆ ಶೋಧಕ್ಕೆಂದು ನಮ್ಮ ದೇಶಕ್ಕೆ ಸಿಕ್ಕಿದ್ದು 75,000 ಚದರ ಕಿ.ಮೀ. ನಮ್ಮ ಲಾತೂರಿನಂಥ ಹತ್ತು ಜಿಲ್ಲೆ ಅದರಲ್ಲಿ ಹಿಡಿಸುತ್ತವೆ. ಅಲ್ಲಿ ಬಟಾಟೆಯಂಥ ಕರೀ ಗಟ್ಟಿಗಳಿವೆ: ಮ್ಯಾಂಗನೀಸ್, ನಿಕ್ಕಲ್, ಕೋಬಾಲ್ಟ್, ತಾಮ್ರ. ಬ್ಯಾಟರಿಗೆ ಬೇಕು, ಒಪ್ಪಿದೆ. ಆದರೆ ಆ ಗಟ್ಟಿ ಕೆಲವೇ ಮಿಲಿಮೀಟರ್ ಬೆಳೆಯಲು ಹತ್ತು ಲಕ್ಷ ವರ್ಷ ಬೇಕು. ವರ್ಷಕ್ಕೊಮ್ಮೆ ಬರುವ ಪೀಕಲ್ಲ ಅದು.

1989ರಲ್ಲಿ ಜರ್ಮನ್ ವಿಜ್ಞಾನಿಗಳು ಪೆರು ದೇಶದಾಚೆಯ ಕಡಲಲ್ಲಿ, ನಾಲ್ಕು ಸಾವಿರ ಮೀಟರಿಗೂ ಆಳದಲ್ಲಿ, ತಳವನ್ನು ಪರೀಕ್ಷೆಗೆಂದು ಉತ್ತರು. ನಮ್ಮ ಎರೆ ಹೊಲದಲ್ಲಿ ಕುಂಟೆ ಹೊಡೆದ ಗೆರೆ ಒಂದು ಮಳೆಗೆ ಅಳಿಯುತ್ತದೆ. ಅವರು 2015ರಲ್ಲಿ ಮತ್ತೆ ಹೋಗಿ ನೋಡಿದರೆ ಸಾಲುಗಳು ಹಾಗೇ ಇದ್ದವು! ಅದೇ ಕಡಲಲ್ಲಿ ಬಿಳಿಚಿದ ಒಂದು ಆಕ್ಟೋಪಸ್ ಸಿಕ್ಕಿತು. ಗಟ್ಟಿಗೆ ಬೇರೂರಿದ ಸ್ಪಂಜು ಸತ್ತ ಮೇಲೆ ಉಳಿಯುವ ದಂಟಿನ ಮೇಲೆ ಮೊಟ್ಟೆಯಿಟ್ಟು, ಅದನ್ನು ತಬ್ಬಿಕೊಂಡು ಕಾವಲು ಕೂರುತ್ತದೆ. ಗಟ್ಟಿ ಎತ್ತಿದರೆ ದಂಟೆಲ್ಲಿ, ಮೊಟ್ಟೆಯೆಲ್ಲಿ? ಯಂತ್ರ ಎಬ್ಬಿಸುವ ರಾಡಿ ದೂರದೂರಕ್ಕೂ ಹರಡಿ, ಸೋಸಿ ತಿನ್ನುವ ಜೀವಿಗಳ ಮೇಲೆ ಕೂರುತ್ತದೆ.

ಕೆಲಸ ಬಿಡು ಅನ್ನುವುದಿಲ್ಲ. ಅಲ್ಲಿ ಏನೂ ಇಲ್ಲ ಅಂತ ಯಾರಾದರೂ ಅಂದರೆ, ಎಷ್ಟು ಕಡೆ ನೋಡಿದಿರಿ ಅಂತ ಕೇಳು. ಮೊದಲ ಪಗಾರ ಕೈಗೆ ಬಂದ ತಿಂಗಳು ಹಾಗೆ ಕೇಳುವುದು ಕಷ್ಟ, ಗೊತ್ತು. ನಾನೂ ಬೋರು ಕೊರೆಸಿದವನೇ. ತಳದಲ್ಲಿ ಎಷ್ಟು ನೀರಿದೆ ಅಂತ ಕೇಳಲಿಲ್ಲ. ಕೊನೆಗೆ ಕುಡಿಯಲೂ ನೀರಿಲ್ಲದೆ 2016ರಲ್ಲಿ ಲಾತೂರಿಗೆ ಮಿರಜದಿಂದ ರೈಲಿನಲ್ಲಿ ನೀರು ಬಂತು.

ಆ ಗಟ್ಟಿ ಒಂದು ನಿನ್ನ ಕೈಗೆ ಸಿಕ್ಕರೆ ತೂಗುವ ಮೊದಲು ತಿರುವಿ ನೋಡು. ಏನಾದರೂ ಅಂಟಿಕೊಂಡಿದ್ದರೆ ರಾತ್ರಿಯಾದರೂ ಸರಿ, ನನಗೆ ಫೋನ್ ಮಾಡು.