ಕಣ್ತಪ್ಪಿಸುವ ಮಾಲ್‌ವೇರ್: ಯಾವ ಪರೀಕ್ಷೆ ಯಾವಾಗ?



ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬುದು ಹಿರಿಯರ ಮಾತು. ಮದುವೆಯ ಕರೆಯೋಲೆ, ವಾಹನದ ಚಲನ್, ಬ್ಯಾಂಕಿನ ಕೆವೈಸಿ ಎಂಬ ಹೆಸರುಗಳಿಂದ ವಾಟ್ಸಾಪಿಗೆ ಬರುವ ಎಪಿಕೆ ಕಡತಗಳೂ ಹಾಗೆಯೇ. ನಾಂಪಲ್ಲಿಯಲ್ಲಿ ದುಡಿದು ಬೀದರಿಗೋ ರಾಯಚೂರಿಗೋ ಹಣ ಕಳುಹಿಸುವ ನಮ್ಮಂಥವರ ತಿಂಗಳ ಸಂಬಳ ಇಂಥ ಒಂದೇ ಕಡತದಿಂದ ಮಾಯವಾಗಬಹುದು. ಫೋನಿನ ಆ್ಯಂಟಿವೈರಸ್ ‘ದೋಷವಿಲ್ಲ’ ಎಂದಮಾತ್ರಕ್ಕೆ ನಂಬುವಂತಿಲ್ಲ. ತಜ್ಞರು ಇಂಥವನ್ನು ಯಾವ ಕ್ರಮದಿಂದ ಹಿಡಿಯುತ್ತಾರೆಂಬುದನ್ನು ಈ ಪಾಠದಲ್ಲಿ ನೋಡೋಣ.

1. ಗುರುತಿನ ಪರೀಕ್ಷೆ. ಪ್ರತಿಯೊಂದು ಕಡತಕ್ಕೂ ಬೆರಳಚ್ಚಿನಂತೆ ಒಂದು ಹ್ಯಾಶ್ ಉಂಟು. ಎಸ್‌ಎಚ್‌ಎ-256 ಕ್ರಮದಲ್ಲಿ ಅದನ್ನು 64 ಅಂಕಿ-ಅಕ್ಷರಗಳಲ್ಲಿ ಬರೆಯುತ್ತಾರೆ. ಹಳೆಯ ಕಳ್ಳರ ಪಟ್ಟಿಯೊಡನೆ ಹೋಲಿಸುವುದು ಕ್ಷಣದ ಕೆಲಸ. ಆದುದರಿಂದ ಇದೇ ಮೊದಲು. ಆದರೆ ಕಡತದಲ್ಲಿ ಒಂದು ಬಿಟ್ ಬದಲಾದರೂ ಹ್ಯಾಶ್ ಬೇರೆಯಾಗುತ್ತದೆ. ಪಟ್ಟಿಯಲ್ಲಿಲ್ಲದ್ದು ನಿರ್ದೋಷಿಯೆಂದಲ್ಲ.

2. ಸ್ಥಿರ ಪರೀಕ್ಷೆ. ಕಡತವನ್ನು ಓಡಿಸದೆ ಬಿಚ್ಚಿ ಓದುವುದು. ಕರೆಯೋಲೆಗೆ ಎಸ್‌ಎಂಎಸ್ ಓದುವ ಅನುಮತಿ ಏತಕ್ಕೆ? ಒಟಿಪಿ ಕದಿಯಲಿಕ್ಕೆಂದೇ ಶಂಕಿಸಬೇಕು. ಜಾಣ ಮಾಲ್‌ವೇರ್ ತನ್ನ ನಿಜವಾದ ಒಡಲನ್ನು ಗೂಢಲಿಪಿಯಲ್ಲಿ ಗಂಟುಕಟ್ಟಿ ಇಟ್ಟಿರುತ್ತದೆ. ಓದಬಲ್ಲ ಪದಗಳು ತೀರ ವಿರಳವಾಗಿದ್ದರೆ ಗಂಟಿದೆಯೆಂದು ಊಹಿಸಿ ಮುಂದಿನ ಪರೀಕ್ಷೆಗೆ ಹೋಗತಕ್ಕದ್ದು.

3. ಚಲನ ಪರೀಕ್ಷೆ. ಸ್ಯಾಂಡ್‌ಬಾಕ್ಸ್ ಎಂಬ ಪ್ರತ್ಯೇಕ ಆವರಣದಲ್ಲಿ ಓಡಿಸಿ, ಅದು ಏನನ್ನು ತೆರೆಯುತ್ತದೆ, ಯಾರೊಡನೆ ಮಾತಾಡುತ್ತದೆ ಎಂದು ಕಾಯುವುದು. ಆದರೆ ನುಮಾಯಿಷಿನ ಜಂಗುಳಿಯಲ್ಲಿ ಪೊಲೀಸರೆದುರು ಜೇಬುಗಳ್ಳನೂ ಸಭ್ಯನೇ! ಕೆಲವು ಮಾಲ್‌ವೇರ್ ಆವರಣದ ಗುರುತು ಹಿಡಿದು ಸುಮ್ಮನಾಗುತ್ತವೆ. ಕೆಲವು ಗಂಟೆಗಟ್ಟಲೆ ನಿದ್ರಿಸುತ್ತವೆ. ಆಗ ಗಡಿಯಾರವನ್ನು ಮುಂದೂಡಿ, ಬೆರಳ ಸ್ಪರ್ಶವನ್ನು ಅನುಕರಿಸಿ, ಅಥವಾ ಯಾರ ಖಾತೆಯೂ ಇಲ್ಲದ ನಿಜವಾದ ಫೋನಿನಲ್ಲಿ ಓಡಿಸಿ ನೋಡುತ್ತಾರೆ.

4. ಮೆಮೊರಿ ಪರೀಕ್ಷೆ. ಗಂಟು ಎಷ್ಟೇ ಬಿಗಿಯಿದ್ದರೂ ಕೆಲಸಮಾಡಬೇಕಾದಾಗ ಸಾಮಾನ್ಯವಾಗಿ ಮೆಮೊರಿಯಲ್ಲಿ ಬಿಚ್ಚಲೇಬೇಕು. ಓಡುತ್ತಿರುವಾಗಲೇ ಅದರ ಪ್ರತಿ ತೆಗೆದು, ಮರಳಿ ಎರಡನೆಯ ಪರೀಕ್ಷೆಗೆ ಒಡ್ಡುತ್ತಾರೆ.

ಅಗ್ಗದ್ದು ಮೊದಲು, ಶ್ರಮದ್ದು ಅನಂತರ. ಒಂದರ ಮೌನವೇ ಇನ್ನೊಂದಕ್ಕೆ ಕಾರಣ. ಇದೇ ಆಯ್ಕೆಯ ಸೂತ್ರ.

ಇನ್ನೊಂದು ಎಚ್ಚರಿಕೆ. 1986ರಲ್ಲಿ ಲಾಹೋರಿನ ಇಬ್ಬರು ಸಹೋದರರು ಬರೆದ ‘ಬ್ರೇನ್’ ವೈರಸ್, ಫ್ಲಾಪಿಯ ಬೂಟ್ ಸೆಕ್ಟರಿನಲ್ಲಿ ಕುಳಿತಿರುತ್ತಿತ್ತು. ಅದನ್ನು ಓದಹೋದವರಿಗೆ ಬೇರೆಡೆ ಬಚ್ಚಿಟ್ಟ ಮೂಲ ಪ್ರತಿಯನ್ನು ತೋರಿಸುತ್ತಿತ್ತು. ಶುದ್ಧವಾದ ಬೇರೆ ಫ್ಲಾಪಿಯಿಂದ ಯಂತ್ರವನ್ನು ಆರಂಭಿಸಿದಾಗ ಮಾತ್ರ ನಿಜ ಕಾಣುತ್ತಿತ್ತು. ಆರೋಪಿಯ ಬಾಯಿಂದಲೇ ಸಾಕ್ಷ್ಯ ಕೇಳಬಾರದೆಂಬ ಈ ನೀತಿ ಇಂದಿಗೂ ಸಲ್ಲುತ್ತದೆ.

ಈ ಪರೀಕ್ಷೆಗಳನ್ನು ನಾವು ಸ್ವಂತ ಫೋನಿನಲ್ಲಿ ಮಾಡತಕ್ಕದ್ದಲ್ಲ. 2017ರಲ್ಲಿ ಆರಂಭವಾದ ಕೇಂದ್ರ ಸರಕಾರದ ಸೈಬರ್ ಸ್ವಚ್ಛತಾ ಕೇಂದ್ರವು ಉಚಿತ ಉಪಕರಣಗಳನ್ನು ಒದಗಿಸುತ್ತದೆ; ಅವುಗಳಲ್ಲಿ ಫೋನಿಗಾಗಿರುವ ‘ಎಂ-ಕವಚ’ ನಮ್ಮ ಹೈದರಾಬಾದಿನ ಸಿ-ಡ್ಯಾಕ್‌ನಲ್ಲಿಯೇ ತಯಾರಾದುದು. ಆದರೂ ಮೊದಲ ಕಾವಲು ನಮ್ಮ ಬೆರಳೇ. ಎಪಿಕೆ ಬಂದರೆ ಒತ್ತಬೇಡಿರಿ. ಕಳುಹಿಸಿದವರು ಪರಿಚಿತರಾದರೆ ಕರೆಮಾಡಿ ಕೇಳಿರಿ, ಅವರ ಫೋನೇ ಕಳ್ಳರ ವಶವಾಗಿರಬಹುದು. ತಪ್ಪಿ ಒತ್ತಿದ್ದರೆ ಕೂಡಲೆ ಅಂತರ್ಜಾಲ ಕಡಿದು, ಬೇರೊಂದು ಫೋನಿನಿಂದ ಬ್ಯಾಂಕಿಗೂ 1930 ಸಹಾಯವಾಣಿಗೂ ತಿಳಿಸಿರಿ. ಬಂದ ಸಂದೇಶವನ್ನು ಅಳಿಸದೆ ಸಾಕ್ಷ್ಯಕ್ಕಾಗಿ ಉಳಿಸಿರಿ. ನಾಚಿಕೆಯಿಂದ ತಡಮಾಡಿದಷ್ಟೂ ಹಣ ದೂರ ಸಾಗುತ್ತದೆ.