ಸಾಲುಗಳನ್ನು ಕಣ್ಣಾರೆ ನೋಡು

ಮಗೂ, ಡೇಟಾಬೇಸ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದೀಯ ಎಂದು ಕೇಳಿ ಸಂತೋಷವಾಯಿತು. ಪೋಸ್ಟ್‌ಗ್ರೆಸ್ ಎಂದರೆ ನಿನಗೀಗ ಎಸ್‌ಕ್ಯೂಎಲ್ ಬರೆದು ಉತ್ತರ ಪಡೆಯುವ ಜಾಗ. ಅಷ್ಟೇ ಸಾಕು ಎನಿಸುವ ಮೊದಲು ಒಂದು ಮಾತು ಕೇಳು. ನೀನು ಕಾಯುತ್ತಿರುವ ಡೇಟಾ ಡಿಸ್ಕಿನ ಮೇಲೆ ಹೇಗೆ ಕೂತಿದೆ ಎಂಬುದನ್ನು ನಿನ್ನ ಕಣ್ಣಿಂದಲೇ ನೋಡಬೇಕು. ಅದೂ ಅವಘಡಕ್ಕೆ ಮೊದಲು, ಕೈಯಲ್ಲಿ ಬಿಡುವಿರುವ ದಿನ. ನಡುರಾತ್ರಿ ಸರ್ವರ್ ಏಳದೆ ಕೂತು, ಸುತ್ತ ನಿಂತವರು ಇನ್ನೂ ಎಷ್ಟು ಹೊತ್ತು ಎಂದು ಕೇಳುತ್ತಿರುವಾಗ ಯಾರೂ ಹೊಸದನ್ನು ಕಲಿಯಲಾರರು.

ಇದಕ್ಕೆಂದೇ ಪಿಜಿ_ಫೈಲ್‌ಡಂಪ್ ಎಂಬ ಚಿಕ್ಕ ಕಮ್ಯಾಂಡ್ ಲೈನ್ ಪ್ರೋಗ್ರಾಂ ಇದೆ. ರೆಡ್‌ಹ್ಯಾಟ್‌ನಲ್ಲಿ ಹುಟ್ಟಿದ್ದು, ಆಮೇಲೆ ಪೋಸ್ಟ್‌ಗ್ರೆಸ್ ಬಳಗದ ಕೈಗೆ ಬಂತು. ಸರ್ವರ್ ಜೊತೆಗೆ ಬರುವುದಿಲ್ಲ, ಬೇರೆಯಾಗಿ ಹಾಕಿಕೊಳ್ಳಬೇಕು. ಪೇಜ್‌ಇನ್‌ಸ್ಪೆಕ್ಟ್ ಎಂಬ ಎಕ್ಸ್‌ಟೆನ್ಷನ್ನೂ ಇಂಥದೇ ಕೆಲಸ ಮಾಡುತ್ತದೆ, ಆದರೆ ಅದಕ್ಕೆ ಸರ್ವರ್ ಓಡುತ್ತಿರಬೇಕು. ಪಿಜಿ_ಫೈಲ್‌ಡಂಪ್‌ಗೆ ಫೈಲು ಒಂದಿದ್ದರೆ ಸಾಕು. ಓದುತ್ತದೆಯೇ ಹೊರತು ಏನನ್ನೂ ಬರೆಯುವುದಿಲ್ಲ. ಹಾಗಿದ್ದರೂ ಅಸಲಿ ಫೈಲಿನ ಹತ್ತಿರ ಹೋಗಬೇಡ. ಮೊದಲು ನಕಲು ಮಾಡು, ನಕಲನ್ನು ಬೇರೆ ಡಿಸ್ಕಿಗೆ ಒಯ್ಯು, ಅದನ್ನು ತೆರೆ. ಈ ಕ್ರಮವನ್ನು ಯಾರ ಅವಸರಕ್ಕೂ ಬಿಡಬೇಡ.

ನಿನ್ನ ಸ್ವಂತ ಕಂಪ್ಯೂಟರಿನಲ್ಲಿ ಶುರುಮಾಡು. ಒಂದು ಪೂರ್ಣಾಂಕ, ಒಂದು ಪಠ್ಯ, ಎರಡೇ ಕಾಲಮ್ಮಿನ ಟೇಬಲ್ ಮಾಡಿ, 1 ಮತ್ತು 'ಕನ್ನಡ' ಎಂದು ಒಂದೇ ಸಾಲು ಸೇರಿಸು. ಚೆಕ್‌ಪಾಯಿಂಟ್ ಕೊಡು. ಕೊಡದಿದ್ದರೆ ಸಾಲು ಇನ್ನೂ ಮೆಮೊರಿಯಲ್ಲೇ ಇರಬಹುದು, ಫೈಲಿನಲ್ಲಿ ಏನೂ ಇಲ್ಲವೆಂದು ನೀನು ಗಾಬರಿಯಾಗುತ್ತೀಯ. ಪಿಜಿ_ರಿಲೇಷನ್_ಫೈಲ್‌ಪಾತ್ ಎಂಬ ಫಂಕ್ಷನ್ನಿಗೆ ಟೇಬಲಿನ ಹೆಸರು ಕೊಟ್ಟರೆ ಫೈಲಿನ ಜಾಗ ಹೇಳುತ್ತದೆ. ಅಲ್ಲಿ ಟೇಬಲಿನ ಹೆಸರು ಕಾಣುವುದಿಲ್ಲ, ಬರೀ ಅಂಕಿ ಇರುತ್ತದೆ. ಟೇಬಲ್ 1 ಜಿಬಿ ದಾಟಿದರೆ ಅದೇ ಅಂಕಿಯ ಮುಂದೆ .1, .2 ಎಂದು ಇನ್ನಷ್ಟು ಫೈಲುಗಳು ಸೇರುತ್ತವೆ.

ಈಗ ನಕಲನ್ನು ತೆರೆದು ನೋಡು. ಫೈಲೆಂದರೆ 8192 ಬೈಟಿನ ಪುಟಗಳ ಸಾಲು. ಪ್ರತಿ ಪುಟದ ಮೊದಲ 24 ಬೈಟು ಅದರ ತಲೆಬರಹ. ಆಮೇಲೆ ಒಂದೊಂದು ಸಾಲಿಗೂ 4 ಬೈಟಿನ ಒಂದು ಸೂಚಿ. ಸಾಲುಗಳು ಮಾತ್ರ ಪುಟದ ಕೊನೆಯಿಂದ ಹಿಂದಕ್ಕೆ ತುಂಬುತ್ತ ಬರುತ್ತವೆ. ಶಾಲೆಯ ನೋಟ್‌ಬುಕ್ಕಿನ ಮುಂದಿನಿಂದ ಪಾಠ, ಹಿಂದಿನಿಂದ ರಫ್ ಲೆಕ್ಕ ಬರೆದು ಎರಡೂ ನಡುವೆ ಸೇರುವವರೆಗೆ ಬಳಸುತ್ತಿದ್ದೆವಲ್ಲ, ಹಾಗೆ. ನಿನ್ನ ಪುಟದಲ್ಲಿ ಸೂಚಿಗಳು ಮುಗಿಯುವ ಜಾಗ ಲೋಯರ್ 28, ಸಾಲುಗಳು ಶುರುವಾಗುವ ಜಾಗ ಅಪ್ಪರ್ 8144 ಎಂದಿರಬೇಕು. 24ಕ್ಕೆ ಒಂದು ಸೂಚಿಯ 4 ಸೇರಿ 28. ಸಾಲಿನ ಉದ್ದ 44: ಅದರದೇ ತಲೆಬರಹ 24, ಪೂರ್ಣಾಂಕ 4, ಪಠ್ಯ 16. ಎಂಟರ ಮಗ್ಗಿಗೆ ಹೊಂದಿಸಿದರೆ 48, 8192ರಲ್ಲಿ 48 ಕಳೆದರೆ 8144. ಈ ಲೆಕ್ಕವನ್ನು ಕಾಗದದ ಮೇಲೆ ನೀನೇ ಹಾಕು. ಪರದೆಯ ಮೇಲಿನ ಅಂಕಿ ನಿನ್ನ ಅಂಕಿಗೆ ತಾಳೆಯಾದ ದಿನ ಡೇಟಾಬೇಸಿನ ಭಯ ಅರ್ಧ ಹೋಗುತ್ತದೆ.

'ಕನ್ನಡ' ಎಂಬುದಕ್ಕೆ 16 ಬೈಟು ಹೇಗೆ ಬಂತು ಎಂದು ಕೇಳಬೇಕು ನೀನು. ಯುಟಿಎಫ್-8ರಲ್ಲಿ ನಮ್ಮ ಲಿಪಿಯ ಒಂದೊಂದು ಚಿಹ್ನೆಗೂ 3 ಬೈಟು. ಕ, ನ, ವಿರಾಮ, ನ, ಡ ಎಂದು ಐದು ಚಿಹ್ನೆ, 15 ಬೈಟು. ಮುಂದೆ ಉದ್ದ ಹೇಳುವ ಒಂದು ಬೈಟು. ಪಿಜಿ_ಫೈಲ್‌ಡಂಪ್ ಬಲಗಡೆ ಅಕ್ಷರಗಳನ್ನು ತೋರಿಸುವ ಪಟ್ಟಿಯಲ್ಲಿ ಕನ್ನಡ ಕಾಣುವುದಿಲ್ಲ, ಬರೀ ಚುಕ್ಕಿಗಳು ಕಾಣುತ್ತವೆ. ಡೇಟಾ ಕೆಟ್ಟಿದೆ ಎಂದು ತೀರ್ಮಾನಿಸಬೇಡ. ಎಡಗಡೆಯ ಹೆಕ್ಸ್ ನೋಡು: ಇ0 ಬಿ2 95 ಎಂದರೆ ಕ, ಇ0 ಬಿ2 ಎ8 ಎಂದರೆ ನ, ಇ0 ಬಿ3 8ಡಿ ಎಂದರೆ ವಿರಾಮ. ಇ0 ಬಿ2, ಇ0 ಬಿ3 ಎಂಬ ಜೋಡಿಗಳು ಮತ್ತೆ ಮತ್ತೆ ಬಂದರೆ ಅಲ್ಲಿ ಕನ್ನಡ ಜೀವಂತವಾಗಿದೆ. ನಮ್ಮ ಊರುಗಳ, ನಮ್ಮ ಜನರ ಹೆಸರು ತುಂಬಿದ ಟೇಬಲುಗಳನ್ನು ಕಾಯುವವಳಿಗೆ ಈ ಗುರುತು ಬಾಯಿಪಾಠ ಇರಬೇಕು. ಇದನ್ನು ಬೇರೆ ಭಾಷೆಯವರು ಬಂದು ಹೇಳಿಕೊಡುವುದಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಆ ಸಾಲನ್ನು ಡಿಲೀಟ್ ಮಾಡಿ, ಚೆಕ್‌ಪಾಯಿಂಟ್ ಕೊಟ್ಟು, ಮತ್ತೆ ನಕಲು ಮಾಡಿ ನೋಡು. ಸಾಲು ಎಲ್ಲಿಗೂ ಹೋಗಿರುವುದಿಲ್ಲ. ಅದರ ತಲೆಬರಹದಲ್ಲಿ ಎಕ್ಸ್‌ಮ್ಯಾಕ್ಸ್ ಎಂಬ ಜಾಗದಲ್ಲಿ ಅಳಿಸಿದ ವಹಿವಾಟಿನ ಸಂಖ್ಯೆ ಬಂದಿರುತ್ತದೆ, ಅಷ್ಟೇ. ಅಪ್‌ಡೇಟ್ ಮಾಡಿದರೂ ಹಳೆಯ ಸಾಲಿನ ಮೇಲೆ ಬರೆಯುವುದಿಲ್ಲ. ಹೊಸ ಸಾಲೊಂದನ್ನು ಇಟ್ಟು, ಹಳೆಯದರ ತಲೆಬರಹದಲ್ಲಿ ಸಿಟಿಐಡಿ ಎಂಬ ಜಾಗದಲ್ಲಿ ಹೊಸದರ ವಿಳಾಸ ಬರೆಯುತ್ತದೆ. 1980ರ ದಶಕದಲ್ಲಿ ಬರ್ಕ್‌ಲಿಯಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಮತ್ತು ಜೊತೆಗಾರರು ಪೋಸ್ಟ್‌ಗ್ರೆಸ್ ಕಟ್ಟುವಾಗಲೇ ಹಳೆಯದರ ಮೇಲೆ ಬರೆಯಬಾರದೆಂದು ಆರಿಸಿಕೊಂಡ ದಾರಿ ಇದು. ಸತ್ತ ಸಾಲುಗಳ ಜಾಗ ಬಿಡಿಸುವ ವ್ಯಾಕ್ಯೂಮ್ ಯಾಕೆ ಬೇಕು, ಟೇಬಲ್ ಯಾಕೆ ಉಬ್ಬುತ್ತದೆ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಈ ಒಂದು ಪುಟದಲ್ಲೇ ಇದೆ.

ಆದರೆ ಎಕ್ಸ್‌ಮ್ಯಾಕ್ಸ್‌ನಲ್ಲಿ ಸಂಖ್ಯೆ ಕಂಡ ಕೂಡಲೇ ಸಾಲು ಸತ್ತಿತೆಂದು ಬರೆದುಕೊಳ್ಳಬೇಡ. ಅಳಿಸಿದ ವಹಿವಾಟು ರೋಲ್‌ಬ್ಯಾಕ್ ಆಗಿದ್ದರೂ ಸಂಖ್ಯೆ ಅಲ್ಲೇ ಉಳಿಯುತ್ತದೆ. ಯಾರೋ ಆ ಸಾಲಿಗೆ ಬೀಗ ಹಾಕಿದ್ದರೂ ಅದೇ ಜಾಗದಲ್ಲಿ ಬರೆಯುತ್ತದೆ. ಪಕ್ಕದ ಇನ್ಫೋಮಾಸ್ಕ್ ಎಂಬ ಎರಡು ಬೈಟನ್ನೂ ಸೇರಿಸಿ ಓದಬೇಕು. ಒಂದೇ ಗುರುತು ನೋಡಿ ತೀರ್ಪು ಕೊಡುವವರನ್ನು ಈ ಕೆಲಸದಲ್ಲಿ ನಾನು ನಂಬುವುದಿಲ್ಲ, ಅವರು ಎಷ್ಟೇ ಜಾಣರಿರಲಿ.

ಅಳಿಸಿದ್ದು ಅಳಿಯಲಿಲ್ಲ ಎಂಬುದಕ್ಕೆ ಇನ್ನೊಂದು ಮುಖವಿದೆ. ಒಬ್ಬಾಕೆ ತನ್ನ ಫೋನ್ ನಂಬರು, ಆಸ್ಪತ್ರೆಯ ವಿವರ ತೆಗೆದುಹಾಕಿ ಎಂದು ಕೇಳಿಕೊಂಡಳು, ನೀವು ಡಿಲೀಟ್ ಮಾಡಿದಿರಿ. ವ್ಯಾಕ್ಯೂಮ್ ಆದಮೇಲೂ ಹೊಸ ಸಾಲು ಬಂದು ಮುಚ್ಚುವ ತನಕ ಆ ಬೈಟುಗಳು ಪುಟದ ಖಾಲಿ ಜಾಗದಲ್ಲಿ ಇರಬಹುದು. ಅಳಿಸುವ ಮೊದಲು ನೀವು ತೆಗೆದಿಟ್ಟ ಬ್ಯಾಕಪ್ಪಿನಲ್ಲಂತೂ ಇದ್ದೇ ಇರುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ತನ್ನ ವಿವರ ಅಳಿಸಿ ಎಂದು ಕೇಳುವ ಹಕ್ಕನ್ನು ಜನರಿಗೆ ಕೊಟ್ಟಿದೆ. ಆ ಹಕ್ಕು ಡಿಸ್ಕಿನ ಮಟ್ಟದಲ್ಲಿ ನಿಜವಾಗುವುದು ನಿನ್ನಂಥವಳು ನಿಗಾ ಇಟ್ಟರೆ ಮಾತ್ರ. ಇನ್ನೂ ಒಂದು: ಗ್ರಾಂಟ್, ಪಾಸ್‌ವರ್ಡ್ ಯಾವುದೂ ಈ ಫೈಲುಗಳನ್ನು ನೇರವಾಗಿ ಓದುವವರನ್ನು ತಡೆಯುವುದಿಲ್ಲ. ಹಾಗಾಗಿ ಪರೀಕ್ಷೆಗೆ ಮಾಡಿಕೊಂಡ ನಕಲನ್ನು ಲ್ಯಾಪ್‌ಟಾಪಿನಲ್ಲಿ ಬಿಟ್ಟು ಮನೆಗೆ ಒಯ್ಯಬೇಡ, ಡಂಪನ್ನು ಸಹಾಯ ಕೇಳಲೆಂದು ಯಾರಿಗೂ ಕಳಿಸಬೇಡ. ಅದರೊಳಗೆ ಇರುವುದು ನಿನ್ನ ಸೊತ್ತಲ್ಲ.

ಕೆಟ್ಟ ಪುಟ ಎದುರಾದಾಗ ಏನು ಮಾಡಬೇಕೆಂದು ಚುಟುಕಾಗಿ ಹೇಳಿಬಿಡುತ್ತೇನೆ. ಪಿಜಿ_ಫೈಲ್‌ಡಂಪ್‌ಗೆ ಸಣ್ಣಕ್ಷರದ ಕೆ ಆಯ್ಕೆ ಕೊಟ್ಟರೆ ಪುಟಗಳ ಚೆಕ್‌ಸಮ್ ಪರೀಕ್ಷಿಸುತ್ತದೆ. ಪೋಸ್ಟ್‌ಗ್ರೆಸ್‌ನ 2013ರ 9.3ನೇ ಆವೃತ್ತಿಯಿಂದ ಚೆಕ್‌ಸಮ್ ಸೌಲಭ್ಯ ಇದ್ದರೂ ನಾವೇ ಕೇಳಿ ಹಾಕಿಸಿಕೊಳ್ಳಬೇಕಿತ್ತು, 18ನೇ ಆವೃತ್ತಿಯಿಂದ ತಾನಾಗಿ ಬರುತ್ತದೆ. ಪುಟದ ಸಂಖ್ಯೆಯೂ ಆ ಲೆಕ್ಕದಲ್ಲಿ ಸೇರಿರುವುದರಿಂದ ಸರಿಯಾದ ಪುಟ ತಪ್ಪು ಜಾಗದಲ್ಲಿ ಕೂತರೂ ಸಿಕ್ಕಿಬೀಳುತ್ತದೆ. ದೊಡ್ಡಕ್ಷರದ ಡಿ ಆಯ್ಕೆಗೆ ಕಾಲಮ್ಮುಗಳ ಬಗೆಯನ್ನು ಕ್ರಮವಾಗಿ ಕೊಟ್ಟರೆ ಸಾಲುಗಳನ್ನು ಬಿಡಿಸಿ ಓದುವಂತೆ ಕೊಡುತ್ತದೆ. ಸರ್ವರ್ ಏಳದಿದ್ದಾಗ, ಬ್ಯಾಕಪ್ಪೂ ಕೈಕೊಟ್ಟಾಗ, ಉಳಿದ ಸಾಲುಗಳನ್ನು ಹೊರತೆಗೆಯುವ ದಾರಿ ಇದೇ. ಅಳಿಸಿದ ಸಾಲುಗಳೂ ಜೊತೆಗೆ ಬರುತ್ತವೆ ಎಂಬುದನ್ನು ಮರೆಯಬೇಡ. ಜೀರೋ_ಡ್ಯಾಮೇಜ್ಡ್_ಪೇಜಸ್ ಆನ್ ಮಾಡಿಬಿಡು ಎಂದು ಯಾರಾದರೂ ಸಲಹೆ ಕೊಟ್ಟರೆ, ನಕಲು ಆಗುವ ತನಕ ಕೈಕಟ್ಟಿ ಕೂತಿರು. ಅದು ಕೆಟ್ಟ ಪುಟವನ್ನು ರಿಪೇರಿ ಮಾಡುವುದಿಲ್ಲ, ಸೊನ್ನೆಯಾಗಿ ಭಾವಿಸಿ ಮುಂದೆ ಹೋಗುತ್ತದೆ. ಆ ಪುಟದಲ್ಲಿ ಉಳಿದಿದ್ದ ಒಳ್ಳೆಯ ಸಾಲುಗಳೂ ಹೋದಂತೆಯೇ.

ಟೇಬಲಿನ ಫೈಲು ಅರ್ಥವಾದ ಮೇಲೆ ಇಂಡೆಕ್ಸಿನ ಫೈಲಿಗೆ ಹೋಗು. ಬಿ-ಟ್ರೀ ಇಂಡೆಕ್ಸಿನ ಸೊನ್ನೆಯ ಪುಟದಲ್ಲಿ ಸಾಲುಗಳಿರುವುದಿಲ್ಲ, ಬೇರು ಯಾವ ಪುಟದಲ್ಲಿದೆ ಎಂಬ ಮಾಹಿತಿ ಇರುತ್ತದೆ. ಉಳಿದ ಪುಟಗಳ ಕೊನೆಯ 16 ಬೈಟಿನಲ್ಲಿ ಎಡ ಬಲದ ಪುಟಗಳ ಸಂಖ್ಯೆ ಇದೆ. ಪಠ್ಯದ ಕಾಲಮ್ಮಿಗೆ ಒಂದು ಇಂಡೆಕ್ಸ್ ಹಾಕಿ, ಟೇಬಲಿನಿಂದ ಒಂದು ಸಾಲು ಅಳಿಸಿ, ಅದೇ ಬೈಟುಗಳು ಇಂಡೆಕ್ಸಿನಲ್ಲೂ ಉಳಿದಿವೆಯೇ, ವ್ಯಾಕ್ಯೂಮ್ ಆದಮೇಲೆ ಏನಾಯಿತು ಎಂದು ನೋಡಿ ನನಗೆ ಬರೆ.