ಮಂಪರು ಬಂದವರ ಬಾಯಿಗೆ ಮಜ್ಜಿಗೆ ಹಾಕಬೇಡಿ

ಮದುವೆ ಮನೆಯಲ್ಲೋ, ಧಾಬಾದಲ್ಲೋ, ರೈಲಿನಲ್ಲೋ ಯಾರಾದರೂ ಏಕಾಏಕಿ ತೂಕಡಿಸಿ ಬಿದ್ದರೆ ನಮ್ಮ ಕಡೆ ಕೇಳಿಬರುವುದು ಎರಡೇ ಮಾತು: ‘ಜಾಸ್ತಿ ಕುಡ್ದಾನ, ಮಲ್ಕೊಳ್ಳಿ ಬಿಡ್ರಿ’, ಇಲ್ಲವೇ ‘ಮಜ್ಗಿ ಕುಡಸ್ರಿ, ಇಳಿತದ’. ಬೀದರ್‌ನ ಚಿದ್ರಿಯಿಂದ ಭಾಲ್ಕಿ, ಔರಾದ್‌ವರೆಗೂ ಇದೇ ರೂಢಿ. ಕುಡಿದದ್ದರಲ್ಲಿ ನಿದ್ರೆ ಮಾತ್ರೆ ಬೆರೆತಿದ್ದರೆ ಈ ಎರಡೂ ಜೀವಕ್ಕೆ ಎರವಾಗಬಹುದು.

ಹೀಗೆ ದುರ್ಬಳಕೆ ಆಗುವುದು ಅಲ್ಪ್ರಾಜೋಲಮ್, ಲೋರಾಜೆಪಾಮ್, ಡಯಾಜೆಪಾಮ್‌ನಂಥ ಮಾತ್ರೆಗಳು. ಆತಂಕ, ಫಿಟ್ಸ್, ನಿದ್ರಾಹೀನತೆಗೆ ವೈದ್ಯರು ಬರೆದುಕೊಡುವ ಔಷಧಗಳೇ ಇವು. ಗಡಿಯಾಚೆ ತೆಲಂಗಾಣದಲ್ಲಿ ಸೇಂದಿಗೆ ಅಲ್ಪ್ರಾಜೋಲಮ್ ಬೆರೆಸುವ ದಂಧೆ ಹಳೆಯದು. ರಾಯಚೂರು ಕಡೆ ಸಿ.ಎಚ್. ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್ ಬೆರೆಸುತ್ತಾರೆ. 2025ರ ಜುಲೈನಲ್ಲಿ ಹೈದರಾಬಾದಿನ ಕೂಕಟ್‌ಪಲ್ಲಿ ಭಾಗದಲ್ಲಿ ಕಲಬೆರಕೆ ಸೇಂದಿ ಕುಡಿದು ಹಲವರು ಸತ್ತರು. ರೈಲಿನಲ್ಲಿ ಚಹಾ, ಬಿಸ್ಕತ್ತು ಕೊಟ್ಟು ದೋಚುವವರ ಕೈಯಲ್ಲಿರುವುದೂ ಇಂಥದೇ ಔಷಧ.

1. ಮನೆಯ ಮಾತ್ರೆ ಎಣಿಸಿಡಿ

ಸ್ಟ್ರಿಪ್ ತಿರುಗಿಸಿ ನೋಡಿ. ಕೆಂಪಕ್ಷರದಲ್ಲಿ ‘ಎನ್‌ಆರ್‌ಎಕ್ಸ್’ ಎಂದಿದ್ದರೆ ಅದು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲದ, ಮನಸ್ಸಿನ ಮೇಲೆ ಪರಿಣಾಮ ಬೀರುವ ಔಷಧ. ಅಲ್ಪ್ರಾಜೋಲಮ್, ಡಯಾಜೆಪಾಮ್, ನೈಟ್ರಾಜೆಪಾಮ್, ಜೋಲ್ಪಿಡೆಮ್ ಇವೆಲ್ಲ ಶೆಡ್ಯೂಲ್ ಎಚ್‌1 ಪಟ್ಟಿಯಲ್ಲಿವೆ. ಇವನ್ನು ಮಾರಿದ ಮೆಡಿಕಲ್‌ನವರು ರೋಗಿಯ ಮತ್ತು ವೈದ್ಯರ ಹೆಸರು, ಕೊಟ್ಟ ಪ್ರಮಾಣವನ್ನು ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕೆಂಬ ನಿಯಮ 2014ರಿಂದ ಜಾರಿಯಲ್ಲಿದೆ. ಪರಿಚಯದವರೆಂದು ಚೀಟಿಯಿಲ್ಲದೆ ಕೊಡುವ ಅಂಗಡಿಯವರು ಉಪಕಾರ ಮಾಡುತ್ತಿಲ್ಲ, ಅಪಾಯ ಮಾರುತ್ತಿದ್ದಾರೆ.

ಅಜ್ಜಿಯ ಮಾತ್ರೆಯನ್ನು ಸೊಸೆಗೆ, ನಿಮ್ಮದನ್ನು ಪಕ್ಕದ ಮನೆಯವರಿಗೆ ಕೊಡಬೇಡಿ. ಬಹಳ ದಿನದಿಂದ ನುಂಗುತ್ತಿರುವವರು ಒಮ್ಮೆಲೇ ನಿಲ್ಲಿಸಲೂಬಾರದು, ಫಿಟ್ಸ್ ಬರಬಹುದು. ವೈದ್ಯರನ್ನು ಕೇಳಿ ಹಂತಹಂತವಾಗಿ ಇಳಿಸಬೇಕು.

2. ಲೋಟ ಕಣ್ಣಳತೆಯಲ್ಲಿರಲಿ

ಸೀಲ್ ಇರುವ ಬಾಟಲಿಯನ್ನು ನೀವೇ ತೆರೆಯಿರಿ. ಬಿಟ್ಟು ಹೋಗಿದ್ದ ಲೋಟಕ್ಕೆ ಮತ್ತೆ ಬಾಯಿ ಹಾಕಬೇಡಿ. ರುಚಿ ನೋಡಿ ಕಂಡುಹಿಡಿಯುತ್ತೇನೆ ಎಂಬ ಭರವಸೆ ಬೇಡ, ಸಿಹಿ ಪಾನೀಯದಲ್ಲಿ ಮಾತ್ರೆಯ ಕಹಿ ಮುಚ್ಚಿಹೋಗುತ್ತದೆ. ಕುಡಿದದ್ದಕ್ಕೆ ಮೀರಿದ ತೂಕಡಿಕೆ ಬಂದರೆ, ನಾಲಿಗೆ ತೊದಲಿದರೆ, ಕಾಲು ತಡವರಿಸಿದರೆ ತಕ್ಷಣ ನಂಬಿಕಸ್ಥರಿಗೆ ಹೇಳಿ. ಒಬ್ಬರೇ ಹೊರಗೆ ಹೋಗಬೇಡಿ.

3. ಯಾರಾದರೂ ಬಿದ್ದರೆ

ಮೊದಲು 108ಕ್ಕೆ ಕರೆ ಮಾಡಿ. ಉಸಿರಾಡುತ್ತಿದ್ದರೆ ಎಡಮಗ್ಗುಲಿಗೆ ಹೊರಳಿಸಿ. ಮೇಲಿನ ಮೊಣಕಾಲು ಮಡಿಚಿ ನೆಲಕ್ಕೆ ಆನಿಸಿ, ಮೇಲಿನ ಕೈಯನ್ನು ಕೆನ್ನೆಯಡಿ ಇಡಿ, ಗದ್ದ ತುಸು ಮೇಲಕ್ಕಿರಲಿ. ಆಗ ಜೊಲ್ಲು, ವಾಂತಿ ಹೊರಗೆ ಹರಿದುಹೋಗುತ್ತದೆ. ಎದೆ ಏರಿಳಿಯುವುದನ್ನು ನೋಡುತ್ತ ಪಕ್ಕದಲ್ಲೇ ಕೂತಿರಿ. ಉಸಿರು ನಿಧಾನವಾದರೆ, ಗೊರಗೊರ ಸದ್ದು ಬಂದರೆ, ತುಟಿ ನೀಲಿಯಾದರೆ ಮತ್ತೆ ಕರೆ ಮಾಡಿ ತಿಳಿಸಿ.

ಈಗ ಮಜ್ಜಿಗೆಯ ಮಾತು. ಮಂಪರಿನಲ್ಲಿ ನುಂಗುವ, ಕೆಮ್ಮುವ ಶಕ್ತಿ ಕುಂದಿರುತ್ತದೆ. ಹಾಕಿದ ಮಜ್ಜಿಗೆ ಹೊಟ್ಟೆಗೆ ಹೋಗದೆ ಶ್ವಾಸನಾಳಕ್ಕಿಳಿದು ಉಸಿರು ಕಟ್ಟಬಹುದು, ಬದುಕಿದರೂ ನ್ಯುಮೋನಿಯಾ ಕಾಡಬಹುದು. ನಿಂಬೆರಸ, ಕಾಫಿ, ಉಪ್ಪುನೀರಿನಿಂದಲೂ ಇದೇ ಅಪಾಯ. ರಕ್ತಕ್ಕೆ ಸೇರಿದ ಔಷಧವನ್ನು ಇವು ಯಾವುವೂ ಇಳಿಸಲಾರವು. ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಕೆನ್ನೆಗೆ ಹೊಡೆದು, ತಲೆಗೆ ನೀರು ಸುರಿದು ಹೊತ್ತು ಕಳೆಯಬೇಡಿ. ಹಿರಿಯರು ಹಠ ಹಿಡಿದರೂ ಲೋಟ ಕಸಿದುಕೊಳ್ಳಿ. ಆಗ ಮರ್ಯಾದೆಗಿಂತ ಉಸಿರು ದೊಡ್ಡದು.

‘ಮಲಗಿ ಎದ್ದರೆ ಸರಿಹೋಗ್ತದ’ ಎಂದು ಕೋಣೆಯ ಬಾಗಿಲು ಎಳೆದು ಬರುವುದು ಇನ್ನೊಂದು ತಪ್ಪು. ಮದ್ಯವೂ ನಿದ್ರೆ ಮಾತ್ರೆಯೂ ಕೂಡಿದರೆ ಎರಡೂ ಉಸಿರಾಟವನ್ನು ತಗ್ಗಿಸುತ್ತವೆ. ಮಲಗಿದವರ ಉಸಿರು ಯಾವಾಗ ನಿಂತಿತೆಂದು ಹೊರಗಿದ್ದವರಿಗೆ ಗೊತ್ತಾಗುವುದೇ ಇಲ್ಲ. ಅಲ್ಪ್ರಾಜೋಲಮ್‌ನಂಥ ಮಾತ್ರೆಗಳಿಗೆ ಫ್ಲುಮಜೆನಿಲ್ ಎಂಬ ಪ್ರತ್ಯೌಷಧ ಇದೆ. ಆದರೆ ಈ ಮಾತ್ರೆಗಳ ಚಟವಿದ್ದವರಿಗೆ ಅದರಿಂದ ಫಿಟ್ಸ್ ಬರಬಹುದಾದ್ದರಿಂದ ಆಸ್ಪತ್ರೆಯಲ್ಲಿ ವೈದ್ಯರೇ ತೀರ್ಮಾನಿಸಬೇಕು. ಭಾಲ್ಕಿ, ಔರಾದ್‌ನವರು ಮೊದಲು ತಾಲ್ಲೂಕು ಆಸ್ಪತ್ರೆಗೆ, ಬೀದರ್‌ನವರು ಬ್ರಿಮ್ಸ್ ಆಸ್ಪತ್ರೆಗೆ ಕರೆದೊಯ್ಯಿರಿ.

4. ಸಾಕ್ಷ್ಯ, ದೂರು

ಉಳಿದ ಪಾನೀಯ, ಲೋಟ, ಬಾಟಲಿ ತೊಳೆಯಬೇಡಿ, ಮುಚ್ಚಿ ಎತ್ತಿಡಿ. ರಕ್ತ, ಮೂತ್ರದ ಮಾದರಿ ಬೇಗ ತೆಗೆಯುವಂತೆ, ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ದಾಖಲಿಸುವಂತೆ ವೈದ್ಯರನ್ನು ಕೇಳಿ. ಕೆಲವು ಔಷಧಗಳ ಸುಳಿವು ಅರ್ಧ ದಿನದಲ್ಲೇ ಮಾಯವಾಗುತ್ತದೆ. ಪೊಲೀಸರಿಗೆ 112, ರೈಲಿನಲ್ಲಿದ್ದರೆ 139. ಕೇಡು ಮಾಡಲು ಅಮಲಿನ ಔಷಧ ಕುಡಿಸುವುದು ಭಾರತೀಯ ನ್ಯಾಯ ಸಂಹಿತೆಯ 123ನೇ ಕಲಮಿನಡಿ 10 ವರ್ಷದವರೆಗೆ ಶಿಕ್ಷೆಯಾಗುವ ಅಪರಾಧ. ಮಾತ್ರೆಯ ಚಟ ಬಿಡಿಸಲು ನೆರವು ಬೇಕಿದ್ದರೆ 14446.

ಎಚ್ಚರವಾದವರನ್ನು ‘ನೀ ಯಾಕ ಕುಡಿದಿ’ ಎಂದು ಕೇಳಬೇಡಿ. ತಪ್ಪು ಬೆರೆಸಿದವರದು, ಕುಡಿದವರದಲ್ಲ.